ವಿದೇಶದಲ್ಲಿ ಮಿಷನರಿಯಾಗಿರುವ ಯುವಕರ ದಿನ ಹೇಗಿರುತ್ತದೆ?

ನಿಮ್ಮ ಗೆಳೆಯ ಮಿಷನರಿಯಾಗಿ ಆಫ್ರಿಕಾಕ್ಕೆ ಹೊರಟಿದ್ದಾನೆ ಅಂತ ಬರೆದಿದ್ದೀರಿ. ಅಲ್ಲಿ ಅವನ ದಿನ ಹೇಗೆ ಕಳೆಯುತ್ತದೆ, ಬೆಳಗಿಂದ ರಾತ್ರಿವರೆಗೆ ಮತಪ್ರಚಾರವೇನಾ, ಸಂಬಳ ಯಾರು ಕೊಡ್ತಾರೆ ಅಂತ ಕೇಳಿದ್ದೀರಿ. ನಾನು ಈಗ ಇರುವುದು ಅದೇ ಬದುಕಿನಲ್ಲಿ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನಾನು ಚಿಕ್ಕಮಗಳೂರು ಕಡೆಯವನು. ಕಥೋಲಿಕ ಸಂಸ್ಥೆಯೊಂದರಲ್ಲಿ ಗುರುವಾಗಲು, ಅಂದರೆ ಪಾದ್ರಿಯಾಗಲು, ಓದುತ್ತಿದ್ದೇನೆ. ತತ್ವಶಾಸ್ತ್ರ ಮುಗಿದ ಮೇಲೆ, ದೇವಶಾಸ್ತ್ರ ಶುರುವಾಗುವ ಮುಂಚೆ, ನಮ್ಮನ್ನು ಒಂದೆರಡು ವರ್ಷ ಹೊರಗೆ ಕೆಲಸಕ್ಕೆ ಕಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ತಾಂಜಾನಿಯಾದ ವಾಯವ್ಯ ಮೂಲೆಯಲ್ಲಿರುವ ಕಗೇರಾ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದಲ್ಲಿರುವ ಬುಕೋಬಾ ಇಲ್ಲಿಯ ದೊಡ್ಡ ಪಟ್ಟಣ. ಅಲ್ಲಿಂದ ಒಳಗೆ, ಕೆಂಪು ಮಣ್ಣಿನ ರಸ್ತೆಯಲ್ಲಿ ಹೋದರೆ ನಮ್ಮ ಧರ್ಮಕೇಂದ್ರ, ಅಂದರೆ ಸುತ್ತಲಿನ ಹಳ್ಳಿಗಳಿಗೆ ಮುಖ್ಯ ಚರ್ಚು. ಇನ್ನೂ ಗುರುಪಟ್ಟ ಸಿಗದವರನ್ನು ಇಲ್ಲಿ ಫ್ರಾತೇರಿ ಅಂತ ಕರೆಯುತ್ತಾರೆ. ಊರಿಗೆಲ್ಲ ನಾನು ಫ್ರಾತೇರಿ.

ಮೊದಲು ಪ್ರಚಾರದ ವಿಷಯ. ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ ಅದೇ ಅಲ್ವಾ? ಈ ಸೀಮೆಯ ಕಶೋಜಿ ಎಂಬಲ್ಲಿಗೆ ‘ವೈಟ್ ಫಾದರ್ಸ್’ ಎಂಬ ಸಂಸ್ಥೆಯ ಗುರುಗಳು ಬಂದದ್ದು 1892ರಲ್ಲಿ. 1960ರಲ್ಲಿ ಪೋಪ್ 23ನೇ ಜಾನ್ ಅವರು ಇಲ್ಲಿಯ ಮಣ್ಣಿನ ಮಗ ಲೌರಿಯನ್ ರುಗಾಂಬ್ವಾ ಅವರನ್ನು ಕಾರ್ಡಿನಲ್ ಮಾಡಿದರು. ಕಥೋಲಿಕರಲ್ಲಿ ಪೋಪ್ ಬಿಟ್ಟರೆ ದೊಡ್ಡ ಪದವಿ ಅದು. ಆಧುನಿಕ ಕಾಲದ ಮೊದಲ ಆಫ್ರಿಕನ್ ಕಾರ್ಡಿನಲ್ ಅವರು. ಅಂದರೆ ನಾನು ಹುಟ್ಟುವ ಎಷ್ಟೋ ಮೊದಲೇ ಇಲ್ಲಿ ಧರ್ಮಸಭೆ (ಕ್ರೈಸ್ತ ಸಮುದಾಯ) ಬೇರೂರಿ, ಬೆಳೆದು, ಹಣ್ಣು ಕೊಟ್ಟಿತ್ತು. ಅಜ್ಜಿ, ಮಗಳು, ಮೊಮ್ಮಗಳು ಮೂರೂ ತಲೆ ಒಂದೇ ಬೆಂಚಿನಲ್ಲಿ ಕೂತು ಜಪಸರ ಹೇಳುವ ಊರು ಇದು. ಇಂಥ ಕಡೆ ಬಂದ ಹುಡುಗನಿಗೆ ಮೊದಲು ಇರುವ ಕೆಲಸ ಕಲಿಯುವುದು. ದೊಡ್ಡವರು ಯಾರಾದರೂ ಹೊಸದಾಗಿ ದೀಕ್ಷಾಸ್ನಾನ ಕೇಳಿಕೊಂಡು ಬಂದರೆ ವರ್ಷಕ್ಕೂ ಜಾಸ್ತಿ ಕಾಲ ಪಾಠಕ್ಕೆ ಕೂರಬೇಕು. ಆ ಪಾಠ ಹೇಳುವವರು ಇಲ್ಲಿಯವರೇ ಆದ ಉಪದೇಶಿಗಳು. ಬಾಳೆತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು, ಸೈಕಲ್ಲಿನಲ್ಲಿ ಬರುತ್ತಾರೆ. ಇಲ್ಲಿಯ ಧರ್ಮಸಭೆ ನಿಂತಿರುವುದು ಇವರ ಹೆಗಲ ಮೇಲೆ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಇನ್ನು ದಿನಚರಿ. ಐದಕ್ಕೆ ಎದ್ದು ಧ್ಯಾನ, ಪ್ರಾರ್ಥನೆ. ಸಮಭಾಜಕ ವೃತ್ತ ಹತ್ತಿರ ಇರುವುದರಿಂದ ವರ್ಷಪೂರ್ತಿ ಸೂರ್ಯ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಏಳರ ಸುಮಾರಿಗೆ ಹುಟ್ಟುತ್ತಾನೆ. ಹಾಗಾಗಿ ಬಲಿಪೂಜೆಗೆ, ಅಂದರೆ ಚರ್ಚಿನ ಪೂಜೆಗೆ, ಬರುವವರೆಲ್ಲ ಕತ್ತಲಲ್ಲೇ ಟಾರ್ಚ್ ಹಿಡಿದು ಬರುತ್ತಾರೆ. ತಿಂಡಿಗೆ ಊಜಿ ಅನ್ನುವ ಗಂಜಿ. ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದು, ಕೆಲವು ದಿನ ರಾಗಿಯದು. ಹೌದು, ನಮ್ಮ ರಾಗಿಯೇ. ಅದು ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ, ಆಮೇಲೆ ನಮ್ಮ ಕಡೆ ಬಂತು. ಬಂದ ಹೊಸದರಲ್ಲಿ ಒಂದು ಲೋಟ ಬಿಸಿ ರಾಗಿ ಊಜಿ ಕೈಗೆ ಬಂದಾಗ ಅಮ್ಮನ ಅಂಬಲಿ ಕಣ್ಣ ಮುಂದೆ ಬಂತು. ಮಧ್ಯಾಹ್ನ ಬೇಯಿಸಿದ ಬಾಳೆಕಾಯಿ, ರಾಜ್ಮಾದಂಥ ಕೆಂಪು ಕಾಳಿನ ಸಾರು. ಇಲ್ಲಿಯ ಹಾಯಾ ಜನರಿಗೆ ಬಾಳೆಕಾಯಿ ಇಲ್ಲದಿದ್ದರೆ ಅದು ಊಟವೇ ಅಲ್ಲ.

ಹಗಲೆಲ್ಲ ಶಾಲೆ. ನಾನು ಪ್ರೌಢಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಮನಸ್ಸು ಜಾಸ್ತಿ ಇರುವುದು ಇದರಲ್ಲೇ. ತಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಏಳನೇ ತರಗತಿವರೆಗೆ ಸ್ವಾಹಿಲಿಯಲ್ಲಿ ಓದಿರುತ್ತಾರೆ. ಪ್ರೌಢಶಾಲೆಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿ ಸೈನ್ಸಿಗೆ ಹೋದಾಗ ಲೆಕ್ಚರರ್ ಹೇಳಿದ್ದು ಒಂದಕ್ಷರ ತಲೆಗೆ ಹೋಗದೆ ಕೂತಿದ್ದೆ. ಆ ಮುಖ ಇಲ್ಲಿ ಪ್ರತಿ ಬೆಂಚಿನಲ್ಲಿ ಕಾಣುತ್ತದೆ. ಸಾಂದ್ರತೆಯ ಪಾಠದ ದಿನ ಒಂದು ಡ್ರಮ್ಮಿಗೆ ನೀರು ತುಂಬಿಸಿ, ಒಂದು ಬಾಳೆದಿಂಡಿನ ತುಂಡು, ಅದಕ್ಕಿಂತ ಚಿಕ್ಕದೊಂದು ಕಲ್ಲು ತರಿಸಿದೆ. ಯಾವುದು ಮುಳುಗುತ್ತೆ, ಯಾಕೆ ಅಂತ ಸ್ವಾಹಿಲಿಯಲ್ಲಿ ಕೇಳಿದೆ. ಅಲ್ಲಿವರೆಗೆ ಬಾಯಿ ಬಿಡದಿದ್ದ ಒಬ್ಬಳು ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಸರೋವರದಲ್ಲಿ ಮೀನು ಹಿಡಿಯುವವರಂತೆ. ದೋಣಿಗೆ ಎಷ್ಟು ಭಾರ ಹೇರಬಹುದು, ನೀರು ಎಲ್ಲಿವರೆಗೆ ಬಂದರೆ ಹೆದರಬೇಕು, ಮರ ನೀರು ಕುಡಿದು ಹಳತಾದರೆ ದೋಣಿ ಯಾಕೆ ತಗ್ಗುತ್ತದೆ, ಎಲ್ಲ ಹೇಳಿದಳು. ಪಾಠ ಅವಳೇ ಮಾಡಿದಳು, ನಾನು ಅದಕ್ಕೆ ಇಂಗ್ಲಿಷ್ ಮಾತು ಜೋಡಿಸಿ ಬೋರ್ಡಿನ ಮೇಲೆ ಬರೆದೆ ಅಷ್ಟೇ. ಮಕ್ಕಳು ಚೆನ್ನಾಗಿ ಕಲಿಯಬೇಕಾದರೆ ಅವರ ಮಾತಿನಲ್ಲೇ ಶುರು ಮಾಡಬೇಕು. ಈ ನಂಬಿಕೆ ನನಗೆ ಇಲ್ಲಿ ಇನ್ನೂ ಗಟ್ಟಿಯಾಯಿತು.

ಸಂಜೆ ಹುಡುಗರ ಜೊತೆ ಫುಟ್‌ಬಾಲ್, ಆಮೇಲೆ ಜಪಸರ, ಸಂಜೆಯ ಪ್ರಾರ್ಥನೆ, ಊಟ, ನಾಳೆಯ ಪಾಠದ ತಯಾರಿ. ಕರೆಂಟ್ ಇದ್ದರೆ ಸರಿ, ಇಲ್ಲದಿದ್ದರೆ ಸೋಲಾರ್ ದೀಪ.

ಭಾನುವಾರ ಮಾತ್ರ ಬೇರೆಯೇ ಲೋಕ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಸಣ್ಣ ಸಣ್ಣ ಚರ್ಚುಗಳು ಹಳ್ಳಿ ಹಳ್ಳಿಗಳಲ್ಲಿವೆ. ಅವಕ್ಕೆ ಕಿಗಾಂಗೋ ಅನ್ನುತ್ತಾರೆ. ಇರುವ ಗುರುಗಳು ಎಲ್ಲ ಕಡೆ ವಾರವಾರವೂ ಹೋಗಲು ಆಗುವುದಿಲ್ಲ. ಗುರುಗಳಿಲ್ಲದ ಭಾನುವಾರ ಉಪದೇಶಿಯೇ ಪ್ರಾರ್ಥನೆ ನಡೆಸುತ್ತಾರೆ. ಫಾದರ್ ಹೋಗುವ ದಿನ ಬೈಕ್ ಓಡಿಸುವವನು ನಾನು. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಚಕ್ರಕ್ಕೆ ಅಂಟಿಕೊಂಡು ಬೈಕ್ ಮುಂದೆ ಹೋಗುವುದೇ ಇಲ್ಲ. ಇಳಿದು, ಕಡ್ಡಿಯಲ್ಲಿ ಮಣ್ಣು ಕೆರೆದು, ಮತ್ತೆ ಹೊರಡಬೇಕು. ತಲುಪಿದ ಮೇಲೆ ಎರಡು ಗಂಟೆ, ಎರಡೂವರೆ ಗಂಟೆ ಬಲಿಪೂಜೆ. ಡೋಲು, ಗೆಜ್ಜೆಯಂಥ ಕಯಾಂಬಾ, ಒಂದೇ ಬಣ್ಣದ ಕಿತೆಂಗೆ ಬಟ್ಟೆ ಹೊಲಿಸಿಕೊಂಡ ಗಾಯನ ತಂಡ. ಖುಷಿ ಜಾಸ್ತಿಯಾದಾಗ ಹೆಂಗಸರು ನಾಲಿಗೆ ಆಡಿಸಿ ಉಲಿಯುವ ಸದ್ದಿಗೆ ಮೈ ಜುಮ್ಮೆನ್ನುತ್ತದೆ.

ಕಾಣಿಕೆಯ ಹೊತ್ತಿಗೆ ದುಡ್ಡಿಲ್ಲದವರು ಬೆಳೆದದ್ದನ್ನೇ ತರುತ್ತಾರೆ. ಬಾಳೆಗೊನೆ, ಮರಗೆಣಸು, ಮೊಟ್ಟೆ, ಕಾಲು ಕಟ್ಟಿದ ಕೋಳಿ. ಪೂಜೆ ಮುಗಿದ ಮೇಲೆ ಅದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ನಮ್ಮ ಊರಿನ ಚರ್ಚಿನಲ್ಲಿ ಸುಗ್ಗಿ ಹಬ್ಬಕ್ಕೆ ಮಾಡುತ್ತಾರಲ್ಲ, ಹಾಗೆ. ಒಂದು ಸಲ ಒಬ್ಬ ಅಜ್ಜಿ ಒಂದು ಕುಂಬಳಕಾಯಿ ತಂದಿದ್ದರು. ಒಬ್ಬ ಮೇಷ್ಟ್ರು ಒಳ್ಳೆ ಬೆಲೆಗೆ ಕೂಗಿ ತೆಗೆದುಕೊಂಡು, ದುಡ್ಡು ಕೊಟ್ಟು, ಕಾಯಿಯನ್ನು ಮತ್ತೆ ಹರಾಜಿಗೆ ಇಟ್ಟರು. ಎರಡನೆಯವರೂ ಹಾಗೇ ಮಾಡಿದರು. ಕೊನೆಗೆ ತೆಗೆದುಕೊಂಡವರು ಅದನ್ನು ಅಜ್ಜಿಯ ಕೈಗೇ ಕೊಟ್ಟು ಮನೆಗೆ ಒಯ್ಯಿರಿ ಅಂದರು. ಹಾಗೆ ಸೇರಿದ ದುಡ್ಡಿನಲ್ಲಿ ಆ ಚರ್ಚಿನ ಚಾವಣಿಗೆ ಶೀಟು ಬಂತು. ಹೊರದೇಶದಿಂದ ದುಡ್ಡು ತಂದು ಸುರಿದು ಚರ್ಚು ಕಟ್ಟುತ್ತಾರೆ ಅನ್ನುವವರು ಒಮ್ಮೆ ಬಂದು ಈ ಅಂಗಳ ನೋಡಬೇಕು.

ಸಾವಿನ ಮನೆಗೆ ಹೋಗುವುದೂ ನಮ್ಮ ಕೆಲಸದ ದೊಡ್ಡ ಭಾಗ. ಇಲ್ಲಿ ತೀರಿಕೊಂಡವರನ್ನು ಅವರದೇ ಬಾಳೆತೋಟದಲ್ಲಿ ಹೂಳುತ್ತಾರೆ. ಸುದ್ದಿ ತಿಳಿದ ಕೂಡಲೇ ಹೆಂಗಸರು ಸೌದೆ, ಬಾಳೆಗೊನೆ ಹೊತ್ತು ಬರುತ್ತಾರೆ. ಗಂಡಸರು ಗುಂಡಿ ತೋಡುತ್ತಾರೆ. ಅದರಲ್ಲಿ ಪಕ್ಕದ ಮನೆಯ ಮುಸ್ಲಿಮರೂ ಇರುತ್ತಾರೆ, ಅವರ ಮನೆಯಲ್ಲಿ ಸಾವಾದರೆ ನಮ್ಮವರೂ ಹೋಗುತ್ತಾರೆ. ದೂರದ ನೆಂಟರು ನೆಲಕ್ಕೆ ಹುಲ್ಲು ಹಾಸಿಕೊಂಡು ಅಲ್ಲೇ ಮಲಗುತ್ತಾರೆ. ನಾನು ಅಲ್ಲಿ ಮಾಡುವುದು ಇಷ್ಟೇ: ಹೋಗಿ ಕೂರುತ್ತೇನೆ, ಪ್ರಾರ್ಥನೆ ಶುರುವಾದಾಗ ದನಿಗೂಡಿಸುತ್ತೇನೆ. ಯಾರಾದರೂ ಕೈಗೆ ನಾಲ್ಕು ಕಾಫಿ ಬೀಜ ಹಾಕುತ್ತಾರೆ. ಇವರು ಹಸಿರು ಕಾಫಿಕಾಯಿಯನ್ನು ಸೊಪ್ಪಿನ ಜೊತೆ ಬೇಯಿಸಿ, ಒಣಗಿಸಿ ಅಗಿಯುತ್ತಾರೆ. ಬಂದವರಿಗೆ ಕೊಡುವ ಮರ್ಯಾದೆ ಅದು, ನಮ್ಮಲ್ಲಿ ಎಲೆ ಅಡಿಕೆ ಕೊಟ್ಟಂತೆ. ಕಾಫಿ ತೋಟದ ನಡುವೆ ಬೆಳೆದ ನನಗೂ ಈ ರುಚಿ ಹೊಸದು. ಮನೆ ಸುತ್ತಲಿನ ಬಾಳೆಯ ನೆರಳಿನಲ್ಲೇ ರೊಬಸ್ಟಾ ಗಿಡಗಳು. ದೊಡ್ಡ ಎಸ್ಟೇಟು ಕಾಣುವುದೇ ಅಪರೂಪ.

ಸಂಬಳದ ಬಗ್ಗೆ ಕೇಳಿದ್ರಿ. ಸಂಬಳ ಇಲ್ಲ. ಊಟ, ಬಟ್ಟೆ, ಔಷಧಿ ಸಂಸ್ಥೆಯದು. ಶಾಲೆಯಿಂದ ಏನಾದರೂ ಬಂದರೆ ಅದು ನಾವೆಲ್ಲ ಒಟ್ಟಿಗೆ ಇರುವ ಸಂಸ್ಥೆಯ ಮನೆಯ ಖರ್ಚಿಗೆ ಹೋಗುತ್ತದೆ. ಬಡತನದ ವ್ರತ ಅಂದರೆ ಅದೇ. ಮನೆಗೆ ದುಡ್ಡು ಕಳಿಸಬಹುದು ಅಂತ ನಿಮ್ಮ ಗೆಳೆಯನ ಮನೆಯವರು ಎಣಿಸಿದ್ದರೆ ಈಗಲೇ ಹೇಳಿಬಿಡಿ.

ಕಷ್ಟ ಇಲ್ಲವೇ? ಇದೆ. ಸರೋವರದ ಸುತ್ತ ಮಲೇರಿಯಾ ಜಾಸ್ತಿ. ಸೊಳ್ಳೆಪರದೆ ಇಲ್ಲದೆ ಮಲಗುವಂತಿಲ್ಲ, ಜ್ವರ ಬಂದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಪೇಟೆಯಲ್ಲಿ ಮಕ್ಕಳು ‘ಮ್ಹಿಂದಿ’ ಅಂತ ಕೂಗುತ್ತಾರೆ, ಅಂದರೆ ಇಂಡಿಯಾದವನು. ಇಲ್ಲಿ ಇಂಡಿಯಾದವರು ಅಂದರೆ ಅಂಗಡಿ ಇಟ್ಟವರು ಅಂತಲೇ ಜನರ ಲೆಕ್ಕ. ನನ್ನ ಬಳಿ ಅಂಗಡಿಯೂ ಇಲ್ಲ, ಮಾರಲು ಏನೂ ಇಲ್ಲ ಅಂತ ಅವರಿಗೆ ಮನವರಿಕೆ ಆಗಲು ಕಾಲ ಬೇಕಾಯಿತು. ಇನ್ನು ಕೆಲವರು ಬೆಂಗಳೂರು, ಚೆನ್ನೈ ಆಸ್ಪತ್ರೆಗಳ ಬಗ್ಗೆ ವಿಚಾರಿಸುತ್ತಾರೆ. ದೊಡ್ಡ ಕಾಯಿಲೆಗೆ ಇಂಡಿಯಾಕ್ಕೆ ಹೋಗಿ ಬಂದವರು ಇಲ್ಲಿ ಇದ್ದಾರೆ. ಊರಿನ ನೆನಪು ಹಬ್ಬದ ದಿನ ಜಾಸ್ತಿ ಕಾಡುತ್ತದೆ. ಇಂಡಿಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನನ್ನ ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಅಮ್ಮ ಮಲಗಿರುತ್ತಾರೆ. ಅದಕ್ಕೆ ಭಾನುವಾರ ಮಧ್ಯಾಹ್ನವೇ ಫೋನ್ ಮಾಡುತ್ತೇನೆ.

ನಿಮ್ಮ ಗೆಳೆಯನಿಗೆ ನನ್ನ ಪರವಾಗಿ ಎರಡು ಮಾತು ಹೇಳಿ. ಹೋಗುವ ದೇಶದ ಭಾಷೆ ಕಲಿಯಲು ಕೊಟ್ಟ ತಿಂಗಳುಗಳನ್ನು ಬೇರೆ ಯಾವ ಕೆಲಸಕ್ಕೂ ಬಿಟ್ಟುಕೊಡಬಾರದು. ಪೂರ್ವ ಆಫ್ರಿಕಾ ಕಡೆಗಾದರೆ ಸ್ವಾಹಿಲಿ. ತಾಂಜಾನಿಯಾದ ಮುಸೋಮಾ ಪಟ್ಟಣದ ಹತ್ತಿರ ಮಕೋಕೋದಲ್ಲಿ ಮಿಷನರಿಗಳಿಗೆಂದೇ ಹಳೆಯ ಭಾಷಾ ಶಾಲೆ ಇದೆ, ಅವನ ಸಂಸ್ಥೆಯವರನ್ನು ವಿಚಾರಿಸಲಿ. ಇನ್ನೊಂದು, ಬೈಕ್ ಪಂಕ್ಚರ್ ಹಾಕುವುದು, ಪ್ಲಗ್ ಬಿಚ್ಚಿ ಕ್ಲೀನ್ ಮಾಡುವುದನ್ನು ಹೊರಡುವ ಮುಂಚೆ ಊರಿನ ಗ್ಯಾರೇಜಿನಲ್ಲೇ ಕಲಿತುಕೊಳ್ಳಲಿ. ಯಾವ ದೇಶಕ್ಕೆ, ಯಾವ ಸಂಸ್ಥೆಯಿಂದ ಹೋಗ್ತಿದ್ದಾನೆ ಅಂತ ಬರೆದರೆ, ಆ ಕಡೆ ನಮ್ಮವರು ಯಾರಾದರೂ ಇದ್ದಾರಾ ವಿಚಾರಿಸಿ ಹೇಳುತ್ತೇನೆ.