ಮಕ್ಕಳ ನ್ಯೂರಾಲಜಿಸ್ಟ್ ಕೆಲಸ ಏನು? ಅದಕ್ಕೆ ಏನು ಓದಿರಬೇಕು?

ಮಕ್ಕಳ ಮೆದುಳು, ಬೆನ್ನುಹುರಿ, ನರ ಮತ್ತು ಸ್ನಾಯುಗಳ ತೊಂದರೆ ನೋಡುವ ಡಾಕ್ಟರ್ ಇವರು. ಫಿಟ್ಸ್, ಮೈಗ್ರೇನ್, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವುದು), ಬೆಳವಣಿಗೆಯಲ್ಲಿ ಹಿಂದುಳಿಯುವುದು, ಹೀಗೆ. ಆಪರೇಷನ್ ಮಾತ್ರ ಇವರದಲ್ಲ, ಅದು ನ್ಯೂರೋಸರ್ಜನ್ ಕೆಲಸ.

ಪುಟ್ಟ ಮಗು ತನಗೇನಾಗುತ್ತಿದೆ ಎಂದು ಹೇಳುವುದಿಲ್ಲ ಅಲ್ವಾ? ಅದಕ್ಕೇ ಇವರು ನೋಡಿ ತಿಳಿಯುವುದೇ ಜಾಸ್ತಿ. ಮಗು ನೆಲದಿಂದ ಹೇಗೆ ಏಳುತ್ತದೆ, ಯಾವ ಕೈ ಚಾಚುತ್ತದೆ, ತಲೆಯ ಸುತ್ತಳತೆ ಎಷ್ಟು, ಕತ್ತು ನಿಂತಿದ್ದು ಯಾವಾಗ. ಕಲಿತ ಮಾತು ಮರೆತಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಫಿಟ್ಸ್ ಬಂದಾಗ ಮೊಬೈಲಲ್ಲಿ ತೆಗೆದ ವಿಡಿಯೋ ಇದ್ದರೆ ತುಂಬಾ ಉಪಯೋಗ. ಆಮೇಲೆ ಬೇಕಿದ್ದರೆ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ), ಎಂಆರ್‌ಐ ಸ್ಕ್ಯಾನ್.

ಓದು? ವೈದ್ಯಕೀಯ ಪದವಿ, ಮೇಲೆ ಮಕ್ಕಳ ಚಿಕಿತ್ಸೆಯ ತರಬೇತಿ, ಜೊತೆಗೆ ನರರೋಗದ ವಿಶೇಷ ತರಬೇತಿ. ದೇಶದಿಂದ ದೇಶಕ್ಕೆ ಕ್ರಮ ಬೇರೆ, ಆದರೆ ಶಾಲೆ ಮುಗಿಸಿ ಸಾಮಾನ್ಯವಾಗಿ 10 ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ.