ಹಡಗಿನ ಕಿಟ್ ಬದಲಾಯಿಸಿ ಕಾಲ್ಪನಿಕ ಯುದ್ಧನೌಕೆ ಮಾಡಿದರೆ ಆಟಿಕೆ ತರ ಕಾಣುತ್ತದೆ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು. ಕೈಯಲ್ಲಿ 1:700 ಅಳತೆಯ ಅಯೋವಾ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ಇದೆ. ಹಿಂದಿನ ಟರೆಟ್ (ದೊಡ್ಡ ಫಿರಂಗಿಗಳಿರುವ, ತಿರುಗುವ ಗೂಡು) ತೆಗೆದು, ಆ ಜಾಗಕ್ಕೆ ಕ್ಷಿಪಣಿಗಳನ್ನೂ ಹೆಲಿಕಾಪ್ಟರ್ ಡೆಕ್ಕನ್ನೂ ಹಾಕಿ, ಎಲ್ಲೂ ಇಲ್ಲದ ಒಂದು ಹಡಗು ಮಾಡಬೇಕು. ಆದರೆ ಹಿಂದೆ ಮಾಡಿದವು, ಎಷ್ಟು ಆಯುಧ ಸೇರಿಸಿದರೂ ಆಟಿಕೆ ತರ ಕಾಣುತ್ತಿವೆ.

ಸೇರಿಸಿದ್ದರಿಂದಲೇ ಹಾಗೆ ಕಾಣುತ್ತಿವೆ ಅಂತ ನನಗನ್ನಿಸುತ್ತದೆ. ನಿಜವಾದ ಹಡಗಿಗೆ ಹೊಸದೊಂದು ಬರಬೇಕಾದರೆ ಹಳೆಯದೇನಾದರೂ ಹೋಗಲೇಬೇಕು. ತೂಕ, ಜಾಗ, ಗುಂಡು ಹಾರುವ ದಿಕ್ಕು, ಇವುಗಳಲ್ಲಿ ಒಂದಾದರೂ ಅಡ್ಡ ಬರುತ್ತದೆ. ನೋಡುವವರಿಗೆ ಹಡಗಿನ ವಿಷಯ ಏನೂ ಗೊತ್ತಿಲ್ಲದಿದ್ದರೂ ಈ ಲೆಕ್ಕ ತಪ್ಪಿದರೆ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ.

ನಿಮ್ಮ ಅಯೋವಾವನ್ನೇ ತೆಗೆದುಕೊಳ್ಳಿ. 1980ರ ದಶಕದಲ್ಲಿ ಅಮೆರಿಕ ಈ ವರ್ಗದ ನಾಲ್ಕೂ ಹಡಗುಗಳನ್ನು ಮತ್ತೆ ಸೇವೆಗೆ ತಂದಿತು. ಒಂದೊಂದರ ಮೇಲೂ 32 ಟೊಮಾಹಾಕ್, 16 ಹಾರ್ಪೂನ್ ಕ್ಷಿಪಣಿಗಳು ಮತ್ತು ಹತ್ತಿರ ಬಂದ ಕ್ಷಿಪಣಿ, ವಿಮಾನಗಳನ್ನು ಹೊಡೆಯುವ 4 ಫ್ಯಾಲಾಂಕ್ಸ್ ಫಿರಂಗಿಗಳು ಬಂದವು. ಅವಕ್ಕೆ ಜಾಗ ಬೇಕಲ್ಲ? 5 ಇಂಚಿನ ಜೋಡಿ ಫಿರಂಗಿಗಳಿದ್ದ 10 ಗೂಡುಗಳಲ್ಲಿ 4 ಹೋದವು. ಸೀ ಸ್ಪ್ಯಾರೋ ಕ್ಷಿಪಣಿ ಹಾಕುವ ಯೋಚನೆಯೂ ಇತ್ತು. ಆದರೆ 16 ಇಂಚಿನ ಫಿರಂಗಿ ಹಾರಿದಾಗ ಹುಟ್ಟುವ ಒತ್ತಡವನ್ನು ಅದು ತಾಳುವುದಿಲ್ಲ ಅಂತ ಕೈಬಿಟ್ಟರು. ನಿಮ್ಮ ಮಾಡೆಲ್‌ನಲ್ಲಿ ಮುಂದಿನ ಎರಡು ಟರೆಟ್ ಉಳಿಯುತ್ತವೆ ತಾನೆ? ಹಾಗಾದರೆ ಅವುಗಳ ಪಕ್ಕದಲ್ಲಿ ನಾಜೂಕಾದ ರೇಡಾರ್, ತೆರೆದ ಲಾಂಚರ್ ಇಡಬೇಡಿ. ಅಲ್ಲಿ ಖಾಲಿ ಡೆಕ್ ಇದ್ದರೇ ಚೆನ್ನ.

ನಿಮ್ಮ ಕಲ್ಪನೆ ಅತಿಯಾಯಿತೇನೋ ಅಂತ ಹೆದರಬೇಕಿಲ್ಲ. ಹಿಂದಿನ ಟರೆಟ್ ತೆಗೆದು ಚಿಕ್ಕ ಜಾಗದಿಂದಲೇ ಹಾರಬಲ್ಲ ಹ್ಯಾರಿಯರ್ ವಿಮಾನಗಳಿಗೆ ಡೆಕ್ ಮಾಡುವ ಯೋಜನೆಗಳು ಆ ಕಾಲದಲ್ಲೇ ಕಾಗದದ ಮೇಲೆ ಇದ್ದವು. ಅದಕ್ಕೂ ಮೊದಲು ಜಪಾನ್ ಇದನ್ನು ಮಾಡಿಯೇ ತೋರಿಸಿತ್ತು. 1942ರಲ್ಲಿ ಮಿಡ್‌ವೇ ಕದನದಲ್ಲಿ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡ ಮೇಲೆ, ಇಸೆ ಮತ್ತು ಹ್ಯೂಗಾ ಯುದ್ಧನೌಕೆಗಳ ಆರು ಟರೆಟ್‌ಗಳಲ್ಲಿ ಹಿಂದಿನ ಎರಡನ್ನು ತೆಗೆದು ಅಲ್ಲಿ ವಿಮಾನದ ಡೆಕ್ ಕಟ್ಟಿದರು. ವಿಮಾನವನ್ನು ಕವಣೆಯಂತ್ರದಿಂದ (ಕ್ಯಾಟಪಲ್ಟ್) ಹಾರಿಸಬಹುದಿತ್ತು, ಇಳಿಸಿಕೊಳ್ಳಲು ಆಗುತ್ತಿರಲಿಲ್ಲ! ಯಾರಾದರೂ ಇದನ್ನು ಕಲ್ಪಿಸಿಕೊಂಡು ಮಾಡೆಲ್ ಮಾಡಿದ್ದರೆ ನಾವೇ ನಗುತ್ತಿದ್ದೆವು. ಆದರೂ ಆ ಹಡಗುಗಳ ಚಿತ್ರ ನೋಡಿ. ಅರ್ಧ ಯುದ್ಧನೌಕೆ ಹಾಗೇ ಉಳಿದಿದೆ, ಅರ್ಧ ಮಾತ್ರ ಬದಲಾಗಿದೆ. ಎಲ್ಲಿಂದ ಎಲ್ಲಿಯವರೆಗೆ ಕೈ ಹಾಕಿದರು ಅನ್ನೋದು ದೂರದಿಂದಲೇ ಗೊತ್ತಾಗುತ್ತದೆ. ನಿಮ್ಮ ಮಾಡೆಲ್‌ನಲ್ಲೂ ಆ ಗೆರೆ ಕಾಣಬೇಕು.

ಬ್ರಿಟನ್ನಿನ ಫ್ಯೂರಿಯಸ್ ಹಡಗಿನಿಂದಲೂ ಒಂದು ವಿಷಯ ಕಲಿಯಬಹುದು. 1917ರಲ್ಲಿ ಅದರ ಮುಂಭಾಗಕ್ಕೆ ವಿಮಾನದ ಡೆಕ್ ಹಾಕಿದರು, ಆಮೇಲೆ ಹಿಂಭಾಗಕ್ಕೂ ಹಾಕಿದರು. ನಡುವೆ ಹೊಗೆಕೊಳವೆ ಮತ್ತು ಬ್ರಿಜ್ (ಹಡಗು ನಡೆಸುವವರು ನಿಲ್ಲುವ ಕಟ್ಟಡ) ಹಾಗೇ ಇದ್ದವು. ಅಲ್ಲಿಂದ ಬರುವ ಬಿಸಿ ಹೊಗೆ, ಸುಳಿಗಾಳಿಗಳಿಂದ ಹಿಂದಿನ ಡೆಕ್ಕಿನ ಮೇಲೆ ಇಳಿಯುವುದು ಅಸಾಧ್ಯ ಅನ್ನುವಷ್ಟು ಕಷ್ಟವಾಯಿತು. ಕೊನೆಗೆ ನಡುವಿನದನ್ನೆಲ್ಲ ಕಿತ್ತು 1925ರ ಹೊತ್ತಿಗೆ ಪೂರ್ತಿ ಡೆಕ್ ಮಾಡಿದರು. ಅದಕ್ಕೇ ಹೆಲಿಕಾಪ್ಟರ್ ಡೆಕ್ಕನ್ನು ಹೊಗೆಕೊಳವೆಗೆ ಅಂಟಿಸಬೇಡಿ. ತೀರಾ ಹಿಂತುದಿಗೆ ತಳ್ಳಿ, ಮಧ್ಯದಲ್ಲಿ ಹೆಲಿಕಾಪ್ಟರ್ ಇಡುವ ಕೋಣೆ, ಅಂದರೆ ಹ್ಯಾಂಗರ್ ಬರಲಿ.

ತೂಕದ ಲೆಕ್ಕ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಜಪಾನಿನ ತೊಮೊಝುರು ಇದೆ. ಚಿಕ್ಕ ಒಡಲಿನ ಮೇಲೆ ಅತಿಯಾಗಿ ಆಯುಧ ಹೇರಿದ್ದ ಹಡಗು ಅದು. 1934ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಮಗುಚಿಕೊಂಡಿತು, ಸಿಬ್ಬಂದಿಯಲ್ಲಿ ಬಹುತೇಕರು ಸತ್ತರು. ಆಮೇಲೆ ಜಪಾನ್ ಎಷ್ಟೋ ಹಡಗುಗಳ ಮೇಲಿನ ತೂಕ ಇಳಿಸಬೇಕಾಯಿತು. ಅಂತರ್ಜಾಲದಲ್ಲಿ ಕಾಣುವ ಎಷ್ಟೋ ಕಾಲ್ಪನಿಕ ಹಡಗುಗಳು ನೀರಿಗಿಳಿದರೆ ತೊಮೊಝುರು ದಾರಿಯನ್ನೇ ಹಿಡಿಯುತ್ತವೆ ಬಿಡಿ.

ಈಗ ಅಳತೆಗೆ ಬರೋಣ. ಆಟಿಕೆ ತರ ಕಾಣಲು ಇನ್ನೊಂದು ದೊಡ್ಡ ಕಾರಣ ಇದೇ. 1:700ರಲ್ಲಿ ಒಂದು ಮೀಟರ್ ಅಂದರೆ 1.43 ಮಿ.ಮೀ. ಒಬ್ಬ ಮನುಷ್ಯ ಸುಮಾರು 2.5 ಮಿ.ಮೀ. ಒಂದು ಮಹಡಿಯ ಎತ್ತರ 3.5 ಮಿ.ಮೀ. ಇಟ್ಟುಕೊಳ್ಳಿ. ಇದನ್ನೇ ತಿರುಗಿಸಿ ನೋಡಿ: ನೀವು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಡೆಕ್ಕಿನ ಅಂಚಿನ ಗೋಡೆ ಮಾಡಿದರೆ ನಿಜದಲ್ಲಿ ಅದು 35 ಸೆಂಟಿಮೀಟರ್ ದಪ್ಪ! ಗಾಳಿ ತಡೆಯುವ ತಗಡು ಹೋಗಿ ಕೋಟೆಗೋಡೆ ಆಯಿತು. ಇಂಥ ಕಡೆ ಸಿಕ್ಕಿದ್ದರಲ್ಲಿ ಅತಿ ತೆಳ್ಳನೆಯ ಹಾಳೆ ಬಳಸಿ. 0.13 ಮಿ.ಮೀ. ಇದ್ದರೂ ಅದು ಒಂಬತ್ತು ಸೆಂಟಿಮೀಟರ್ ಆಗುತ್ತದೆ, ಆದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಆಂಟೆನಾಗಳಿಗೆ ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನೇ ಮೇಣದಬತ್ತಿಯ ಬಿಸಿಗೆ ಹಿಡಿದು, ಮೆತ್ತಗಾದ ಮೇಲೆ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ.

ಸೀಹಾಕ್ ಹೆಲಿಕಾಪ್ಟರ್‌ನ ತಿರುಗುವ ರೆಕ್ಕೆಗಳ ವ್ಯಾಸ 16.4 ಮೀಟರ್, ಅಂದರೆ ಮಾಡೆಲ್‌ನಲ್ಲಿ 23 ಮಿ.ಮೀ. ಡೆಕ್ ಅದಕ್ಕಿಂತ ಉದ್ದ ಇರಲೇಬೇಕು. ನೆಟ್ಟಗೆ ನಿಲ್ಲುವ ಮಾರ್ಕ್ 41 ಲಾಂಚರ್‌ನಲ್ಲಿ ಟೊಮಾಹಾಕ್ ಹಿಡಿಸುವ ಮಾದರಿಗೆ ಡೆಕ್ಕಿನ ಕೆಳಗೆ ಸುಮಾರು 7.7 ಮೀಟರ್ ಆಳ ಬೇಕು, ಅಂದರೆ 11 ಮಿ.ಮೀ. ಹಾಗಾಗಿ ಅದನ್ನು ಹ್ಯಾಂಗರ್‌ನ ಚಾವಣಿ ಮೇಲೆ ಕೂರಿಸಲು ಬರುವುದಿಲ್ಲ. ಆದರೆ ಟರೆಟ್ ತೆಗೆದ ಜಾಗದಲ್ಲಿ ಎಷ್ಟೋ ಮಹಡಿ ಆಳದ ಹಳ್ಳ ಖಾಲಿ ಬಿದ್ದಿರುತ್ತದೆ. ಕ್ಷಿಪಣಿಗೆ ಅದೇ ಸರಿಯಾದ ಜಾಗ, ಅಲ್ವಾ?

ಗರಗಸ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಕಿಟ್‌ನ ಡೆಕ್ಕನ್ನು ಸ್ಕ್ಯಾನ್ ಮಾಡಿ, ಹ್ಯಾಂಗರ್, ಲಾಂಚರ್ ಎಲ್ಲ ಕಾಗದದಲ್ಲೇ ಮಡಚಿ ಇಟ್ಟು ನೋಡಿ. ಕೆಲವು ದಿನ ಕಣ್ಣೆದುರಿಗೇ ಇರಲಿ. ಟರೆಟ್‌ನ ತೂತಿಗೆ ಕೆಳಗಿನಿಂದ ಪ್ಲಾಸ್ಟಿಕ್ ತುಂಡು ಅಂಟಿಸಿ, ಮೇಲೆ ಪುಟ್ಟಿ ತುಂಬಿ, ಸ್ಯಾಂಡ್‌ಪೇಪರ್ ಹಾಕಿ. ಸುತ್ತಲಿನ ಮರದ ಹಲಗೆ ಗೆರೆಗಳು ಅಳಿಸಿಹೋಗುತ್ತವೆ. ಅವನ್ನು ಮತ್ತೆ ಕೊರೆಯಲು ಒದ್ದಾಡಬೇಡಿ. ಅಷ್ಟು ಜಾಗಕ್ಕೂ ಒಂದು ನುಣುಪಾದ ತೆಳು ಹಾಳೆ ಹೊದಿಸಿ. ಹಡಗುಕಟ್ಟೆಯಲ್ಲೂ ಉಕ್ಕಿನ ಹಾಳೆಯನ್ನೇ ಹಾಕುತ್ತಿದ್ದರು. ಅಂಟಿನ ವಿಷಯ ಚಿಕ್ಕದು: ತೆಳ್ಳನೆಯ ಮಾಡೆಲ್ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುತ್ತದೆ, ಹಿತ್ತಾಳೆ ಅಥವಾ ರೆಸಿನ್ ಭಾಗಗಳಿಗೆ ಸೂಪರ್ ಗ್ಲೂ ಬೇಕು.

ಒಡಲನ್ನು ಕತ್ತರಿಸಿ ಉದ್ದ ಮಾಡುವ ಆಸೆ ಇದ್ದರೆ, ಎರಡೂ ಬದಿ ಸಮಾನಾಂತರವಾಗಿ ಹೋಗುವ ನಡುಭಾಗದಲ್ಲೇ ಕತ್ತರಿಸಿ. ಅಯೋವಾದಲ್ಲಿ ಮಾತ್ರ ಇದು ಬೇಡ. ಅದರ ಮುಂಭಾಗ ಬಾಟಲಿಯ ಕತ್ತಿನ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ, ಕೂಡಿಸಿದ ಜಾಗದಲ್ಲಿ ಗೆರೆ ಮುರಿದದ್ದು ಎದ್ದು ಕಾಣುತ್ತದೆ.

ಬೇರೆ ಕಿಟ್‌ನ ಭಾಗ ತರುವಾಗ ಅದರ ಅಳತೆ ನೋಡಿ. 1:720, 1:600 ಕಿಟ್‌ಗಳೂ ಇವೆ. ಕ್ಷಿಪಣಿ ಪೆಟ್ಟಿಗೆ ಸ್ವಲ್ಪ ದೊಡ್ಡದಾದರೆ ಪರವಾಗಿಲ್ಲ, ಕಾಲ್ಪನಿಕ ಆಯುಧದ ನಿಜ ಗಾತ್ರ ಯಾರಿಗೆ ಗೊತ್ತು? ಬಾಗಿಲು, ಏಣಿ, ಕಂಬಿ, ದೋಣಿ ಮಾತ್ರ ಬೆರೆಸಬೇಡಿ. ಮನುಷ್ಯನ ಗಾತ್ರ ಎಲ್ಲರಿಗೂ ಗೊತ್ತು.

ಎಲ್ಲ ಕೂಡಿಸಿದ ಮೇಲೆ ಬೂದು ಪ್ರೈಮರ್ ಹೊಡೆಯಿರಿ. ಬಿಳಿ ಹಾಳೆ, ಹಿತ್ತಾಳೆ, ಪುಟ್ಟಿ ಎಲ್ಲ ಒಂದೇ ಬಣ್ಣ ಆದಾಗಲೇ ತಪ್ಪುಗಳು ಕಾಣುವುದು. ಬಣ್ಣ ಹಡಗಿನ ಕಾಲಕ್ಕೆ ಹೊಂದಬೇಕು. 1980ರ ಕ್ಷಿಪಣಿ ಹಾಕಿ 1944ರ ಮರೆಮಾಚುವ ಪಟ್ಟೆ ಬಳಿದರೆ ಕಥೆ ಅಲ್ಲೇ ಮುರಿಯುತ್ತದೆ.

ಕಥೆ ಅಂದಮೇಲೆ, ನಿಮ್ಮ ಹಡಗಿಗೆ ಹೆಸರು ಹುಡುಕುತ್ತಿದ್ದರೆ ಕೆಂಟಕಿ ಅಂತಿಡಿ. ಇದೇ ವರ್ಗದ, ಕೊನೆಗೂ ಪೂರ್ತಿಯಾಗದ ಹಡಗು ಅದು. ಅದನ್ನು ಕ್ಷಿಪಣಿ ಹಡಗಾಗಿ ಮುಗಿಸುವ ಪ್ರಸ್ತಾಪ ನಿಜವಾಗಿಯೂ ಇತ್ತು. 1956ರಲ್ಲಿ ವಿಸ್ಕಾನ್ಸಿನ್ ಡಿಕ್ಕಿ ಹೊಡೆದುಕೊಂಡಾಗ ಕೆಂಟಕಿಯ ಮೂತಿ ಕತ್ತರಿಸಿ ಅದಕ್ಕೆ ಜೋಡಿಸಿದರು, ಉಳಿದದ್ದು ಗುಜರಿಗೆ ಹೋಯಿತು. ಆ ಡಿಕ್ಕಿ ಆಗಲೇ ಇಲ್ಲ ಅಂದುಕೊಳ್ಳಿ. ಅದರ ನಂಬರ್ 66. ನಾಲ್ಕೂ ಹಡಗುಗಳ ನಂಬರ್ ಕೊಡುವ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಅಂಕಿ, ಗುರುತುಗಳ) ಹಾಳೆ ನಿಮ್ಮ ಕಿಟ್‌ನಲ್ಲಿದ್ದರೆ, 61ರಿಂದ 64ರವರೆಗಿನ 6ಗಳನ್ನು ಕತ್ತರಿಸಿ ಜೋಡಿಸಿದರೆ ಎರಡೂ ಬದಿಗೆ ಸಾಕಾಗುತ್ತದೆ.