ಇಂಗ್ಲಿಷ್ ಬರೆಯುವಾಗ ಮೊದಲಿಗಿಂತ ತಪ್ಪು ಜಾಸ್ತಿ ಆಗುತ್ತಿದೆ, ನಾನು ಹಿಂದಕ್ಕೆ ಹೋಗುತ್ತಿದ್ದೇನಾ?

ನೀವು ಕೇಳಿದ್ದು ಇಷ್ಟು: ಎರಡು ವರ್ಷದಿಂದ ದಿನಾ ಇಂಗ್ಲಿಷಿನಲ್ಲಿ ಒಂದು ಪುಟ ಡೈರಿ ಬರೆಯುತ್ತಿದ್ದೀರಿ. ಮೊದಮೊದಲು ವಾಕ್ಯ ಚಿಕ್ಕವಿದ್ದವು, ತಪ್ಪು ಕಡಿಮೆ ಇತ್ತು. ಈಗ ವಾಕ್ಯ ಉದ್ದವಾಗಿವೆ, ತಪ್ಪೂ ಹೆಚ್ಚಿದೆ. ಸಾಲದ್ದಕ್ಕೆ ಅವೇ ನಾಲ್ಕು ಪದ ತಿರುಗಾ ಮುರುಗಾ ಬರುತ್ತಿವೆ. ಹಿಂದಕ್ಕೆ ಹೋಗುತ್ತಿದ್ದೇನಾ ಅಂತ ನಿಮ್ಮ ಭಯ.

ಇಲ್ಲ. ಹಳೆಯ ಪುಟಗಳನ್ನು ಮಾತ್ರ ಹರಿದು ಹಾಕಬೇಡಿ, ಕೊನೆಯಲ್ಲಿ ಬೇಕಾಗುತ್ತವೆ.

ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ಹೆಚ್ಚಿನವರು ಕನ್ನಡ ಮೀಡಿಯಂ. ನಾನೂ ಅಲ್ಲಿಂದಲೇ ಬಂದವಳು. ಮೊದಲ ಸೆಮಿಸ್ಟರಿನ ಪೇಪರಿನಲ್ಲಿ ಹೀಗಿರುತ್ತದೆ: 'ಐ ವೋಕ್ ಅಪ್ ಅಂಡ್ ಐ ಟುಕ್ ಬಾತ್ ಅಂಡ್ ಐ ಏಟ್ ಟಿಫಿನ್ ಅಂಡ್ ಐ ಕಾಟ್ ಬಸ್ ಅಂಡ್ ಐ ಕೇಮ್ ಟು ಕಾಲೇಜ್.' ಇದು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ, ಅಲ್ವಾ? 'ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು ಕಾಲೇಜಿಗೆ ಬಂದೆ.' ಕನ್ನಡದಲ್ಲಿ ಎಷ್ಟು ಚೆಂದದ ವಾಕ್ಯ! ಎದ್ದು, ಮಾಡಿ, ತಿಂದು ಎಂಬ ಕೊಂಡಿಗಳು ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಅಷ್ಟೂ ಭಾರ ಪಾಪ 'ಅಂಡ್' ತಲೆಗೆ ಬೀಳುತ್ತದೆ.

ಅಂದ ಹಾಗೆ, ಈ ವಾಕ್ಯ ನೋಡಲು ಮಾತ್ರ ಉದ್ದ. ಕೆಲಾಗ್ ಹಂಟ್ ಎಂಬ ಅಮೆರಿಕದ ಸಂಶೋಧಕರು 1965ರಲ್ಲಿ ಬರವಣಿಗೆ ಅಳೆಯಲು 'ಟಿ-ಯೂನಿಟ್' ಎಂಬ ಅಳತೆ ತಂದರು. ಒಂದು ಮುಖ್ಯ ವಾಕ್ಯ, ಅದಕ್ಕೆ ಆತುಕೊಂಡ ಉಪವಾಕ್ಯಗಳು, ಎಲ್ಲ ಸೇರಿ ಒಂದು ತುಂಡು. ಅವರ ಲೆಕ್ಕದಲ್ಲಿ, ಇಂಗ್ಲಿಷ್ ಮಾತೃಭಾಷೆಯ ಮಕ್ಕಳೇ ನಾಲ್ಕನೇ ಕ್ಲಾಸಿನಲ್ಲಿ ತುಂಡಿಗೆ ಸರಾಸರಿ 8.6 ಪದ ಬರೆಯುತ್ತಿದ್ದರು. ಎಂಟನೇ ಕ್ಲಾಸಿಗೆ 11.5, ಹನ್ನೆರಡಕ್ಕೆ 14.4. ಎಂಟು ವರ್ಷಕ್ಕೆ ಆರು ಪದವೂ ಪೂರ್ತಿ ಏರಿಲ್ಲ ನೋಡಿ! ಮೇಲಿನ ಬಸ್ಸಿನ ವಾಕ್ಯದಲ್ಲಿ 20 ಪದ, ಐದು ತುಂಡು. ಸರಾಸರಿ 4.

ಇನ್ನು ನಿಮ್ಮ ತಪ್ಪಿನ ವಿಷಯ. 'ನಿನ್ನೆ ಬಂದ ಹುಡುಗ' ಅನ್ನುವಾಗ ನಮಗೆ 'ಬಂದ' ಮೊದಲು, 'ಹುಡುಗ' ಆಮೇಲೆ. ಇಂಗ್ಲಿಷಿನಲ್ಲಿ ಉಲ್ಟಾ: 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ'. ಹಾಗಾಗಿ ನಮ್ಮ ಮಕ್ಕಳು ಆ ದಾರಿಗೇ ಹೋಗುವುದಿಲ್ಲ. 'ಒನ್ ಬಾಯ್ ಕೇಮ್ ಯೆಸ್ಟರ್‌ಡೇ. ದಟ್ ಬಾಯ್ ಈಸ್ ಮೈ ಫ್ರೆಂಡ್' ಅಂತ ಎರಡು ಮಾಡಿ ಮುಗಿಸುತ್ತಾರೆ. ಕೆಂಪು ಪೆನ್ನಿಗೆ ಇಲ್ಲಿ ಕೆಲಸವಿಲ್ಲ. ಆದರೆ ಇದು ತಪ್ಪಿಲ್ಲದ ಬರಹ ಅಲ್ಲ, ತಪ್ಪಿಸಿಕೊಂಡ ಬರಹ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಭಾಷಾ ಸಂಶೋಧಕಿ ಇದನ್ನೇ ಹಿಡಿದು ತೋರಿಸಿದರು. ಚೀನೀ ಮತ್ತು ಜಪಾನಿ ಭಾಷೆಗಳಲ್ಲೂ ನಮ್ಮ ಹಾಗೆಯೇ 'ಬಂದ' ಮೊದಲು ಬರುತ್ತದೆ. ಆ ವಿದ್ಯಾರ್ಥಿಗಳ ಇಂಗ್ಲಿಷಿನಲ್ಲಿ 'ಹೂ', 'ವಿಚ್' ತಪ್ಪುಗಳು ಕಡಿಮೆ ಇದ್ದವು. ಪರ್ಷಿಯನ್, ಅರಬ್ಬಿ ಮಾತಾಡುವವರಲ್ಲಿ ಜಾಸ್ತಿ. ಕಾರಣ ಸರಳ: ಚೀನೀ, ಜಪಾನಿ ವಿದ್ಯಾರ್ಥಿಗಳು ಅಂಥ ವಾಕ್ಯಗಳನ್ನು ಬರೆದಿದ್ದೇ ಕಡಿಮೆ.

ನೀವು ಈಗ ತಪ್ಪಿಸಿಕೊಳ್ಳುವುದನ್ನು ಬಿಟ್ಟಿದ್ದೀರಿ. ಅದಕ್ಕೇ ತಪ್ಪು ಕಾಣುತ್ತಿದೆ.

ಅವೇ ಪದಗಳು ಮತ್ತೆ ಮತ್ತೆ ಬರುವುದಕ್ಕೂ ಒಂದು ವಿವರಣೆ ಇದೆ. ನೆದರ್‌ಲ್ಯಾಂಡ್ಸಿನ ವರ್ಸ್‌ಪೋರ್ ಮತ್ತು ಜೊತೆಗಾರರು ಇಂಗ್ಲಿಷ್ ಕಲಿಯುತ್ತಿದ್ದ ಒಬ್ಬನೇ ಡಚ್ ವಿದ್ಯಾರ್ಥಿಯ 18 ಬರಹಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಮೂರು ವರ್ಷದಲ್ಲಿ ಬರೆದವು. ವಾಕ್ಯದ ಉದ್ದ ಏರಿದಾಗ ಪದಗಳ ವೈವಿಧ್ಯ ಇಳಿಯುತ್ತಿತ್ತು. ಪದ ಏರಿದಾಗ ವಾಕ್ಯ ಇಳಿಯುತ್ತಿತ್ತು. ಒಂದೇ ಒಲೆ, ಎರಡು ಪಾತ್ರೆ ಇದ್ದ ಹಾಗೆ: ಸಾರು ಕುದಿಸುವಾಗ ಅನ್ನ ಕೆಳಗಿಳಿಸಬೇಕು. ಬರೆಯುತ್ತಾ ಬರೆಯುತ್ತಾ ಒಂದು ಕೆಲಸಕ್ಕೆ ಕೈ ಕೂತರೆ ಇನ್ನೊಂದಕ್ಕೆ ಉರಿ ಸಿಗುತ್ತದೆ. ಎಲ್ಲರಿಗೂ ಒಂದೇ ಕ್ರಮದಲ್ಲಿ ಅಲ್ಲ. ಡಯೇನ್ ಲಾರ್ಸನ್-ಫ್ರೀಮನ್ ಐವರು ಚೀನೀಯರಿಂದ ಆರು ತಿಂಗಳಲ್ಲಿ ನಾಲ್ಕು ಸಲ ಒಂದೇ ಕಥೆ ಬರೆಸಿದ್ದರು. ಐವರ ಸರಾಸರಿ ನೋಡಿದರೆ ನೆಟ್ಟಗೆ ಏರುತ್ತದೆ. ಒಬ್ಬೊಬ್ಬರನ್ನೇ ನೋಡಿದರೆ ಐದು ಥರದ ದಾರಿ. ನಿಮ್ಮ ಗೆಳತಿಯ ಇಂಗ್ಲಿಷಿಗೆ ಹೋಲಿಸಿಕೊಂಡಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ.

ವಾಕ್ಯವನ್ನು ಸುಮ್ನೆ ಎಳೆಯುತ್ತಾ ಹೋಗಬೇಕಿಲ್ಲ. ಸಾಮಾನ್ಯವಾಗಿ ಮೊದಲು 'ಅಂಡ್', 'ಬಟ್' ಕಾಲ. ಆಮೇಲೆ 'ಬಿಕಾಸ್', 'ವೆನ್', 'ಹೂ' ಕಾಲ. ನೀವು ಈಗ ಇಲ್ಲಿದ್ದೀರಿ. ಇನ್ನೂ ಮುಂದೆ ಹೋದವರ ವಾಕ್ಯದಲ್ಲಿ ಉಪವಾಕ್ಯ ಕಡಿಮೆಯಾಗಿ ನಾಮಪದದ ಸುತ್ತ ವಿಷಯ ತುಂಬಿಕೊಳ್ಳುತ್ತದೆ. 'ದ ಕ್ರಾಪ್ ಫೇಲ್ಡ್ ಬಿಕಾಸ್ ದ ರೇನ್ಸ್ ಕೇಮ್ ಲೇಟ್' ಎಂಬುದು 'ದ ಲೇಟ್ ರೇನ್ಸ್ ಕಾಸ್ಡ್ ಕ್ರಾಪ್ ಫೇಲ್ಯೂರ್' ಆಗುತ್ತದೆ. ವಾಕ್ಯ ಗಿಡ್ಡವಾಯಿತು, ಆದರೆ ಬಿಗಿಯಾಯಿತು. ಡಗ್ಲಸ್ ಬೈಬರ್ ಮತ್ತು ಸಂಗಡಿಗರು 2011ರಲ್ಲಿ ವಾದಿಸಿದ್ದೂ ಇದನ್ನೇ: 'ಬಿಕಾಸ್' ಥರದ ಉಪವಾಕ್ಯ ಹೆಚ್ಚು ಇರುವುದು ಮಾತಿನಲ್ಲಿ, ಶೈಕ್ಷಣಿಕ ಬರಹ ನಾಮಪದದ ಮೇಲೆ ನಿಂತಿರುತ್ತದೆ. ಡೈರಿಗೆ ಇದು ಬೇಡವೇ ಬೇಡ. ಅಮ್ಮನ ಜೊತೆ ಜಗಳವಾಡಿದ್ದನ್ನು ವರದಿಯ ಥರ ಬರೆದರೆ ಯಾರಿಗೆ ಬೇಕು? ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ದಿನ ಕಲಿತರಾಯಿತು.

ಗೈಡ್ ಇಟ್ಟುಕೊಂಡು ದೊಡ್ಡ ಪದ ಉರು ಹೊಡೆಯಲಾ ಅಂತಲೂ ಕೇಳಿದ್ದೀರಿ. ನನ್ನ ಒಬ್ಬ ವಿದ್ಯಾರ್ಥಿ ಹಾಗೆ ಮಾಡಿ 'ಮೈ ಗ್ರ್ಯಾಂಡ್‌ಮದರ್ ಈಸ್ ಎ ಯುಬಿಕ್ವಿಟಸ್ ಲೇಡಿ' ಅಂತ ಬರೆದಿದ್ದ. ಅಜ್ಜಿ ಸರ್ವಾಂತರ್ಯಾಮಿ! ಓದಿಗಾಗಿ ಪದ ಬೇಕಿದ್ದರೆ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಗಳ ಪಟ್ಟಿ ನೋಡಿ. 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. 'ಫ್ಯಾಕ್ಟರ್', 'ರಿಕ್ವೈರ್', 'ಅನಲೈಸ್' ಥರದವು, ಬೆರಗುಗೊಳಿಸುವಂಥದ್ದೇನಿಲ್ಲ. ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರನ ಸಮೇತ ಕಲಿಯಿರಿ. 'ಡಿಸಿಷನ್' ಗೊತ್ತಿದ್ದು 'ಮೇಕ್' ಗೊತ್ತಿಲ್ಲದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತದೆ.

ಈಗ ಆ ಹಳೆಯ ಪುಟಗಳು. ಮೊದಲ ತಿಂಗಳಿನ ಒಂದು ಪುಟ ತೆಗೆಯಿರಿ. ಅದರಲ್ಲಿರುವ ಘಟನೆಯನ್ನೇ, ಅದನ್ನು ನೋಡದೆ ಇವತ್ತು ಹೊಸದಾಗಿ ಬರೆಯಿರಿ. ಆಮೇಲೆ ಎರಡರಲ್ಲೂ 'ಹೂ', 'ವಿಚ್', 'ವೆನ್', 'ಬಿಕಾಸ್' ಎಷ್ಟು ಸಲ ಬಂದಿವೆ ಎಣಿಸಿ. ತಪ್ಪಾಗಿ ಬಂದವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡೂ ಸಂಖ್ಯೆಯನ್ನು ಇಲ್ಲೇ ಕೆಳಗೆ ಹಾಕಿ, ನೋಡೋಣ.